ಕಿಟಕಿ ಮುಚ್ಚಿ ಬೇಯಿಸಿದ ಸಾರು

ಇವತ್ತು ಭಾನುವಾರ. ಬೆಳಿಗ್ಗೆ ಎಂಟಕ್ಕೇ ನಮ್ಮ ಬೀದಿಯ ಯಾರದೋ ಅಡುಗೆಮನೆಯಲ್ಲಿ ಚಕ್ಕೆ, ಲವಂಗ ಹುರಿಯುವ ವಾಸನೆ ಶುರುವಾಯಿತು. ಹಿಂದೆಯೇ ಈರುಳ್ಳಿ, ಧನಿಯ, ಆಮೇಲೆ ಕಾಯಿತುರಿ. ಗೇಟಿನ ಹತ್ತಿರ ಪೇಪರ್ ತೆಗೆದುಕೊಳ್ಳಲು ಹೋದವಳು ಅಲ್ಲೇ ನಿಂತು ಎದೆ ತುಂಬ ಉಸಿರೆಳೆದುಕೊಂಡೆ. ಬ್ಯಾಟರಾಯನಪುರದ ಹಳೇ ಊರಿನವರಿಗೆ ಭಾನುವಾರ ಬಂತೆಂದು ಹೇಳಲು ಕ್ಯಾಲೆಂಡರ್ ಬೇಕಾಗಿಲ್ಲ, ಮೂಗು ಸಾಕು. ಇದರಲ್ಲೇನು ವಿಶೇಷ ಅಂತೀರಾ? ಇದೇ ವಾಸನೆಗೆ ಹೆದರಿಕೊಂಡು ಮೂರು ವರ್ಷ ಬಾಳಿದವರು ನಾವು. ಅದೂ ನಮ್ಮದೇ ಮನೆಯಲ್ಲಿ.

ನಮ್ಮದು ಒಕ್ಕಲು ಮನೆತನ. ನಮ್ಮ ಮಾವ ರಾಗಿ ಬೆಳೆಯುತ್ತಿದ್ದ ಹೊಲದ ಒಂದು ತುಂಡಿನಲ್ಲಿ ನಾವು ಮನೆ ಕಟ್ಟಿದೆವು. ಕೆಳಗೆ ನಾವು, ಮೇಲೆ ಒಂದು ಬಾಡಿಗೆ ಮನೆ. ಮಾವ ಆ ಹೊತ್ತಿಗೆ ತೀರಿಕೊಂಡಿದ್ದರು. ಹೊಲದಲ್ಲಿ ಕಳೆ ಕಿತ್ತು ಗೊತ್ತಿದ್ದವರಿಗೆ ಬಾಡಿಗೆಗೆ ಕೊಡುವುದು ಹೇಗೆಂದು ಎಲ್ಲಿಂದ ಗೊತ್ತಿರಬೇಕು? ಒಬ್ಬ ಬ್ರೋಕರ್ ಬಂದ. ಮನೆಯನ್ನು ಒಂದು ಸುತ್ತು ಹಾಕಿ, "ಮೇಡಂ, ವೆಜ್ ಓನ್ಲಿ ಅಂತ ಬೋರ್ಡ್ ಹಾಕ್ಸಿ. ಡೀಸೆಂಟ್ ಜನ ಬರ್ತಾರೆ" ಅಂದ.

ನನ್ನ ಯಜಮಾನರು ತಲೆ ಕೆರೆದುಕೊಂಡರು. "ಅಲ್ಲ ಗುರು, ನಾವೇ ತಿಂತೀವಲ್ಲ?"

"ನೀವ್ ತಿನ್ನಿ ಸಾರ್, ಯಾರ್ ಬೇಡ ಅಂದ್ರು? ಸ್ವಲ್ಪ ಗೊತ್ತಾಗ್ದಂಗೆ ತಿನ್ನಿ."

ಆ ಡೀಸೆಂಟ್ ಅನ್ನುವ ಮಾತು ನನಗೆ ಬಹಳ ಹಿಡಿಸಿಬಿಟ್ಟಿತು. ನಾನು ನಾಗಸಂದ್ರದ ಕಡೆಯಿಂದ ಸೊಸೆಯಾಗಿ ಬಂದವಳು, ಬಿ.ಎ. ಪಾಸಾದವಳು, ಬೀದಿಯವರೆಲ್ಲ ನನ್ನನ್ನು ಓದಿದವಳು ಅನ್ನುತ್ತಿದ್ದರು. ಓದಿದವಳ ಮನೆಗೆ ಡೀಸೆಂಟ್ ಜನ ಬರದೆ ಇನ್ಯಾರು ಬರಬೇಕು? ಪೇಂಟರನ ತಲೆಯ ಮೇಲೆ ನಿಂತು, ಕೆಂಪು ಅಕ್ಷರದಲ್ಲಿ ‘ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಬರೆಸಿದೆ.

ಬಾಗಲಕೋಟೆ ಕಡೆಯ ಗಂಡ ಹೆಂಡತಿ ಬಂದರು. ಈರುಳ್ಳಿಗಿಂತ ಆಚೆ ಹೋಗದ ಜನ. ಅವರು ಬಂದಿದ್ದೇ ತಡ, ನಮ್ಮ ಭಾನುವಾರಗಳು ಭೂಗತವಾದವು. ಬೆಳಿಗ್ಗೆ ಆರಕ್ಕೆ ಯಜಮಾನರು ಮಟನ್ನನ್ನು ತರಕಾರಿ ಚೀಲದಲ್ಲಿ ಮೇಲೆರಡು ಕಟ್ಟು ದಂಟಿನ ಸೊಪ್ಪು ಮುಚ್ಚಿ ತರುವರು. ನಾನು ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಹಾಲಿನಲ್ಲಿ ಐದಾರು ಊದಿನಕಡ್ಡಿ ಒಟ್ಟಿಗೆ ಹಚ್ಚಿ, ಕುಕ್ಕರ್ ಇಡುವೆ. ಬೇಸಿಗೆಯಲ್ಲಿ ಸಾರಿಗಿಂತ ಮೊದಲು ನಾನೇ ಬೆಂದುಹೋಗುತ್ತಿದ್ದೆ. ಮೂಳೆಗಳನ್ನು ಪೇಪರಿನಲ್ಲಿ ಸುತ್ತಿ ಹೆಬ್ಬಾಳದ ತನಕ ಸ್ಕೂಟರಿನಲ್ಲಿ ಒಯ್ದು ಎಸೆದು ಬಂದದ್ದೂ ಉಂಟು.

ಅತ್ತೆಗೆ ಇದು ಒಂದಿಷ್ಟೂ ಸರಿಬರಲಿಲ್ಲ. ಪಿತೃಪಕ್ಷದಲ್ಲಿ ಮಾವನ ಫೋಟೋದ ಮುಂದೆ ಮುದ್ದೆ, ಮಟನ್ ಸಾರಿನ ಎಡೆ ಇಡುವಾಗಲೂ ನಾನು ಕಿಟಕಿ ಮುಚ್ಚಿದ್ದು ನೋಡಿ ಅವರ ಸಹನೆ ಮುಗಿಯಿತು. "ಸತ್ತೋರ್ಗೂ ಕದ್ದು ಎಡೆ ಇಕ್ಕಂಗಾಯ್ತಲ್ಲವ್ವ! ನಿಮ್ಮಾವ ಕಳ್ತನ ಮಾಡಿದ್ನಾ, ಕುರಿ ಸಾಕಿದ್ನಾ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು "ಮೆತ್ತಗೆ ಅತ್ತೆ, ಮೇಲಿನವರಿಗೆ ಕೇಳಿಸುತ್ತೆ" ಅಂದೆ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಮೂರು ವರ್ಷದ ಮೇಲೆ ಬಾಗಲಕೋಟೆಯವರಿಗೆ ವರ್ಗವಾಯಿತು. ಹೋಗುವ ದಿನ ಆಯಪ್ಪ ಕೈ ಮುಗಿದು ಅಂದದ್ದು ಕೇಳಿ: "ಎಲ್ಲಾ ಚಲೋ ಇತ್ರಿ ಅಕ್ಕಾರ. ಭಾನುವಾರ ಊದಿನಕಡ್ಡಿ ಒಂದು ಹಚ್ಚೂದು ಬಿಡ್ರಿ. ನಮ್ಮಾಕಿಗೆ ಆ ಹೊಗಿ ಆಗಂಗಿಲ್ಲ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟಾದರೂ ಬುದ್ಧಿ ಬಂತಾ? ಇಲ್ಲ. ಅವರ ಸಾಮಾನಿನ ಗಾಡಿ ತಿರುವು ದಾಟುವಷ್ಟರಲ್ಲಿ ಅದೇ ಬೋರ್ಡನ್ನು ಒರೆಸಿ ಮತ್ತೆ ಗೇಟಿಗೆ ನೇತುಹಾಕಿದೆ.

ಎರಡನೇ ಭಾನುವಾರ ಒಬ್ಬ ಹೆಂಗಸು ಬಂದರು. ನಲವತ್ತರ ಹತ್ತಿರದ ವಯಸ್ಸು, ತಲೆ ತುಂಬ ಸೆರಗು, ಹೆಗಲಿಗೊಂದು ಬ್ಯಾಗು. ಹೆಸರು ಶಹನಾಜ್, ವಿಜಯಪುರದ ಕಡೆಯವರು, ಪಕ್ಕದ ಬೀದಿಯ ಶಾಲೆಯಲ್ಲಿ ಗಣಿತದ ಟೀಚರ್. ಅಮ್ಮನ ಜೊತೆ ಯಶವಂತಪುರದಲ್ಲಿ ಒಂದು ಕೋಣೆಯಲ್ಲಿದ್ದಾರೆ. ಆ ಕಟ್ಟಡ ಒಡೆಯುತ್ತಾರಂತೆ, ತಿಂಗಳ ಕೊನೆಗೆ ಬಿಡಬೇಕು. ಅಮ್ಮನಿಗೆ ಮಂಡಿಯ ಆಪರೇಷನ್ ಆಗಿದೆ, ಮಧ್ಯಾಹ್ನ ಒಂದು ಸಲ ಹೋಗಿ ನೋಡಿ ಬರುವಷ್ಟು ಹತ್ತಿರ ಮನೆ ಬೇಕು. ಎರಡು ತಿಂಗಳಿಂದ ಹುಡುಕುತ್ತಿದ್ದಾರೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ನಾನು ಬಾಯಿ ತೆರೆಯುವ ಮೊದಲೇ, "ಬೋರ್ಡ್ ಓದೇನ್ರಿ. ನಾ ಮಾಂಸ ಮುಟ್ಟಂಗಿಲ್ಲ. ಸಣ್ಣಾಕಿದ್ದಾಗಿಂದ ಸೇರಂಗಿಲ್ರಿ" ಅಂದರು.

ಅದೇ ಹೊತ್ತಿಗೆ ಒಳಗೆ ನಮ್ಮ ಕುಕ್ಕರ್ ಎರಡನೇ ವಿಷಲ್ ಹಾಕಿತು. ಮೇಲೆ ಯಾರೂ ಇಲ್ಲದಿದ್ದರೂ ಅಭ್ಯಾಸಬಲದಿಂದ ಕಿಟಕಿ ಮುಚ್ಚಿಯೇ ಇಟ್ಟಿದ್ದೆ. ಒಂದೂವರೆ ಕೆ.ಜಿ. ಮಟನ್ ಬೇಯುತ್ತಿದ್ದ ಮನೆಯ ಬಾಗಿಲಲ್ಲಿ ನಿಂತು, ಮಾಂಸ ಮುಟ್ಟದ ಹೆಂಗಸಿಗೆ ನಾನು ಏನು ಹೇಳಬೇಕಿತ್ತು? ನನ್ನ ಬೋರ್ಡಿನ ಷರತ್ತನ್ನು ನನಗಿಂತ ಚೆನ್ನಾಗಿ ಪಾಲಿಸುವವರು ಎದುರಿಗಿದ್ದರು. ಆದರೂ ನನ್ನ ಬಾಯಿ ತಾನಾಗಿ, "ಅಯ್ಯೋ, ನಿನ್ನೆ ತಾನೆ ಅಡ್ವಾನ್ಸ್ ಆಯ್ತಲ್ಲ" ಅಂದುಬಿಟ್ಟಿತು.

ಅವರು ವಾದ ಮಾಡಲಿಲ್ಲ. "ಹೌದೇನ್ರಿ" ಎಂದು, ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಗೆ ಕೈ ಮುಗಿದು ಹೊರಟರು. ಹೋಗುವಾಗ ಗೇಟನ್ನು ಸದ್ದಾಗದಂತೆ ಹಾಕಿಕೊಂಡು ಹೋದರು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆವತ್ತಿಗೆ ನನಗೆ ತಿಳಿದುಹೋಯಿತು, ಆ ಬೋರ್ಡು ಊಟದ ವಿಷಯಕ್ಕೆ ಬರೆಸಿದ್ದಲ್ಲ. ಕೆಲವರನ್ನು ಹೆಸರು ಹೇಳದೆ ಬೇಡ ಅನ್ನಲಿಕ್ಕೆ ಅದೊಂದು ಸಭ್ಯ ದಾರಿ, ಅಷ್ಟೇ.

ಅತ್ತೆ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ಯಾರ್ ಕೊಟ್ರು ಅಡ್ವಾನ್ಸು?"

"ಯಾರೂ ಇಲ್ಲ ಅತ್ತೆ. ಅವರು ನಮ್ಮೋರಲ್ಲ."

"ಮೇಲಿದ್ದೋರು ನಮ್ಮೋರಾ? ಅವ್ರಿಗೆ ಎದ್ರಿಕೊಂಡು ಮೂರೊರ್ಸ ಕದ್ದು ತಿಂದ್ವಲ್ಲ!"

"ನಿಮಗೆ ಪರವಾಗಿಲ್ವಾ, ಅವರು ಬಂದರೆ?"

ಅತ್ತೆ ದೊಡ್ಡ ಮನಸ್ಸಿನ ಮಾತೇನೂ ಆಡಲಿಲ್ಲ. ನಮ್ಮತ್ತೆ ಅಂಥ ಜಾತಿಯವರೂ ಅಲ್ಲ. "ನಂಗೂ ಒಗ್ಗಲ್ಲ. ಯಾವತ್ತೂ ಅಂಗೆ ಅವ್ರ ಜತೆ ಇದ್ದೋಳಲ್ಲ ನಾನು. ಆದ್ರೆ ಬಾಕ್ಲಿಗ್ ಬಂದೋಳ ಮೊಕ ನೋಡಿ ಸುಳ್ಳೇಳಿದ್ಯಲ್ಲ, ಅದು ಯಾವೂರ ನಡತೆ? ಓದಿದೋಳಂತೆ, ಥೂ!" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ಆ ಮಧ್ಯಾಹ್ನ ಸಾರು ಮುಟ್ಟಲಿಲ್ಲ. ಬರೀ ಮುದ್ದೆಗೆ ಮಜ್ಜಿಗೆ ಹಾಕಿಕೊಂಡು ಉಂಡರು.

ಸೋಮವಾರ ಶಾಲೆ ಬಿಡುವ ಹೊತ್ತಿಗೆ ಅದರ ಗೇಟಿನ ಮುಂದೆ ಹೋಗಿ ನಿಂತೆ. ಶಹನಾಜ್ ನನ್ನನ್ನು ನೋಡಿ ನಿಂತರು. "ಮನೆ ಖಾಲಿ ಇದೆ" ಅಂದೆ.

"ನಿನ್ನೆ ಹೋಗ್ಯದ ಅಂದ್ರಲ್ರಿ?"

"ಸುಳ್ಳು ಹೇಳಿದೆ."

ಅವರು ನನ್ನನ್ನೇ ನೋಡಿದರು. ಕಾರಣ ಕೇಳುತ್ತಾರೆಂದು ರಾತ್ರಿಯೆಲ್ಲ ಉತ್ತರ ಹೊಸೆದಿದ್ದೆ, ಒಂದೂ ಚೆನ್ನಾಗಿರಲಿಲ್ಲ. ಅವರು ಕೇಳಲಿಲ್ಲ. "ಅಮ್ಮೀನ ಕೇಳಿ ಹೇಳ್ತೀನ್ರಿ" ಎಂದು ಬಸ್ ಸ್ಟಾಪಿನ ಕಡೆ ನಡೆದರು.

ಮೂರು ದಿನ ಸುದ್ದಿಯಿಲ್ಲ. ಆ ಮೂರು ದಿನದಲ್ಲಿ ಬ್ರೋಕರ್ ಇಬ್ಬರು ಡೀಸೆಂಟ್ ಜನರನ್ನು ಕರೆತಂದ. ಇಬ್ಬರಿಗೂ ಮನೆ ಹೋಗಿದೆ ಅಂದೆ. ಬೋರ್ಡನ್ನು ತೆಗೆದು ನೀರಿನ ಸಂಪಿನ ಮೇಲೆ ಮುಚ್ಚಿದೆ. ಒಪ್ಪಿಕೊಳ್ಳಲಿ ದೇವರೇ ಎಂದು ಬೇಡಿಕೊಂಡೆ. ಬಾಡಿಗೆಯವರು ಮನೆಯೊಡೆಯರನ್ನು ಪರೀಕ್ಷೆ ಮಾಡಿ ಒಪ್ಪಿಕೊಳ್ಳುವುದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ.

ನಾಲ್ಕನೇ ದಿನ ಬಂದರು. ಕೂತುಕೊಳ್ಳಲಿಲ್ಲ. "ಮನಿ ಬೇಕ್ರಿ. ಆದ್ರ ಒಂದು ಮಾತು. ನಾ ತಿನ್ನಂಗಿಲ್ಲ, ನಮ್ಮ ಅಮ್ಮೀ ತಿಂತಾಳ. ಹಬ್ಬಕ್ಕ ಮನ್ಯಾಗ ಮಾಡ್ತೀವಿ. ಕದ್ದು ಮಾಡೂದು ನಮಗ ಬರಂಗಿಲ್ರಿ."

"ನಮಗೆ ಬರುತ್ತೆ. ಮೂರು ವರ್ಷ ಮಾಡಿದ್ದೀವಿ" ಎಂದು ದಂಟಿನ ಸೊಪ್ಪಿನಿಂದ ಊದಿನಕಡ್ಡಿಯವರೆಗೆ ಎಲ್ಲ ಹೇಳಿಬಿಟ್ಟೆ. ಮೊದಲು ಬಿಗಿದುಕೊಂಡೇ ಕೇಳಿದರು. ಮೂಳೆ ಕಟ್ಟಿಕೊಂಡು ಹೆಬ್ಬಾಳಕ್ಕೆ ಹೋದ ಕಥೆ ಬಂದಾಗ ಗೋಡೆ ಹಿಡಿದುಕೊಂಡು ನಕ್ಕರು. "ಮನಿ ಕಟ್ಟಿದವರಿಗೇ ಹಿಂಗಾದ್ರ ನಮ್ಮ ಗತಿ ಏನ್ರಿ ಅಕ್ಕಾ!"

ಅದಾಗಿ ಏಳು ವರ್ಷ. ಅಮ್ಮಿ ಮತ್ತು ಅತ್ತೆ ಸಂಜೆ ಜಗುಲಿಯಲ್ಲಿ ಕೂತು, ಒಬ್ಬರ ಕನ್ನಡ ಇನ್ನೊಬ್ಬರಿಗೆ ಪೂರಾ ಹತ್ತದಿದ್ದರೂ, ಜೋಳ ದೊಡ್ಡದೋ ರಾಗಿ ದೊಡ್ಡದೋ ಎಂದು ಜಗಳವಾಡುತ್ತಾರೆ. ಎಲ್ಲ ಚೆನ್ನಾಗಿದೆ. ಆದರೂ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಈ ಏಳು ವರ್ಷವೂ ನಾನು ಶಹನಾಜ್ ಮುಂದೆ ಸ್ವಲ್ಪ ಜಾಸ್ತಿಯೇ ಒಳ್ಳೆಯವಳಾಗಿದ್ದೆ. ಆಡುವ ಮಾತನ್ನು ಎರಡು ಸಲ ತೂಗಿ ಆಡುತ್ತಿದ್ದೆ. ತಪ್ಪು ಮಾಡಿದವಳ ಮರ್ಯಾದೆ ಅದು, ಗೆಳತಿಯ ಸಲಿಗೆಯಲ್ಲ.

ಈಗ ಎರಡನೇ ಮಹಡಿ ಎಬ್ಬಿಸಿದ್ದೇವೆ. ಇವತ್ತು ಒಂಬತ್ತಕ್ಕೆ ಮನೆ ನೋಡಲು ಇಬ್ಬರು ಹುಡುಗಿಯರು ಬರುವವರಿದ್ದರು, ಮಣಿಪುರದವರು, ಆಸ್ಪತ್ರೆಯಲ್ಲಿ ನರ್ಸುಗಳು. ಡಬ್ಬಿ ವಾಪಸ್ ಕೊಡಲು ಕೆಳಗೆ ಬಂದ ಶಹನಾಜ್‌ಗೆ ಸುದ್ದಿ ಹೇಳಿದೆ. ಅವರು ಮುಖ ಸಣ್ಣದು ಮಾಡಿ, "ಅಕ್ಕಾ, ಆ ಕಡಿ ಮಂದಿ ಏನೇನೋ ತಿಂತಾರಂತಲ್ರಿ. ನನ್ನ ತಲೀ ಮ್ಯಾಲೆ ಮನಿ. ಮೊದ್ಲ ಕೇಳಿ ನೋಡ್ರಿ, ಏನು ತಿಂತೀರಿ ಅಂತ" ಅಂದರು.

ನಾನು ಡಬ್ಬಿ ಇಸಿದುಕೊಂಡು ಅವರ ಮುಖ ನೋಡಿದೆ. ಅವರೇ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಯಾ ಅಲ್ಲಾ! ನಾ ಏನಂದ್ಯಾ ಈಗ!"

ನನಗೆ ನಗು ತಡೆಯಲಾಗಲಿಲ್ಲ. "ಬೋರ್ಡ್ ಬರೆಸ್ಲೇನೇ?" ಅಂದೆ. ಏಳು ವರ್ಷದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದೆ. "ಬಿಡ್ರಿ ಅಕ್ಕಾ, ನಾಚ್ಗಿ ಆಗ್ತದ" ಎಂದು ಅವಳು ನನ್ನ ತೋಳಿಗೊಂದು ಹೊಡೆದಳು. ಬೆನ್ನ ಮೇಲಿನ ಮೂಟೆ ಇಳಿದಷ್ಟು ಹಗುರಾಯಿತು ನನಗೆ.

ಅಷ್ಟರಲ್ಲಿ ಗೇಟಿನ ಹತ್ತಿರ ಸದ್ದು. ಹುಡುಗಿಯರಿಬ್ಬರು ನೈಟ್ ಡ್ಯೂಟಿ ಮುಗಿಸಿ ನೇರ ಬಂದಿದ್ದರು, ಕಣ್ಣಲ್ಲಿ ನಿದ್ದೆ, ಮುಖದಲ್ಲಿ ಅಂಜಿಕೆ. ಇಂಥ ಗೇಟುಗಳನ್ನು ಎಷ್ಟು ನೋಡಿದ್ದರೋ. ನಾನು ಮೇಲಿನ ಮನೆಯ ಕೀ ಹುಡುಕುವಷ್ಟರಲ್ಲಿ ಶಹನಾಜ್ ಹೋಗಿ ಗೇಟು ತೆಗೆದಳು.

"ಬರ್ರಿ, ಬರ್ರಿ. ನಾಷ್ಟಾ ಆತೇನ್ರಿ?"

ಅವರಲ್ಲಿ ಗಿಡ್ಡಗಿದ್ದವಳು ಅನುಮಾನದಿಂದ ನಮ್ಮಿಬ್ಬರನ್ನೂ ನೋಡಿ, "ಇಲ್ಲ ಆಂಟಿ, ಇನ್ನೂ ಇಲ್ಲ" ಅಂದಳು, ಅಚ್ಚ ಬೆಂಗಳೂರು ಕನ್ನಡದಲ್ಲಿ.

ನಾನು ಕೀಯನ್ನು ಅಲ್ಲೇ ಜಗುಲಿಯ ಮೇಲಿಟ್ಟು ತಟ್ಟೆ ತರಲು ಒಳಗೆ ಹೋದೆ.