ಗರಡಿ ಮನೆಗೆ ಬಂದ ಯೇಸುಸ್ವಾಮಿಯ ಫೋಟೊ

ಗರಡಿಯ ಮಣ್ಣು ಮೈಯಿಂದ ಬೇಗ ಹೋಗುತ್ತದೆ, ಕಿವಿಯಿಂದ ಹೋಗುವುದಿಲ್ಲ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಹಾಕಿ ಕಲಸಿರುತ್ತಾರೆ. ಅದು ಕಿವಿಯ ಸುರುಳಿಯೊಳಗೆ ಜಿಡ್ಡಿನಂತೆ ಕೂತುಬಿಡುತ್ತದೆ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಡುವ ಮುಂಚೆ ನನ್ನ ಹೆಂಡತಿ ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಮದುವೆಯಾದಾಗಿನಿಂದ ಹೀಗೇ ನಡೆದುಕೊಂಡು ಬಂದಿದೆ.

ನಾನು ಹುಟ್ಟಿದ್ದು ಕಡರನಾಯಕನಹಳ್ಳಿಯಲ್ಲಿ. ಈಗ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆ, ಹರಿಹರದಲ್ಲಿ ಲೇತ್ ಮಷಿನ್ ಕೆಲಸ. ಅವ್ವನ ಕಾಲದಿಂದ ನಮ್ಮದು ಕ್ರೈಸ್ತರ ಮನೆ. ಚಿಕ್ಕವನಿದ್ದಾಗ ಶಾಲೆಗೆ ಹೋಗಲಿಲ್ಲ. ದಾವಣಗೆರೆಗೆ ಬಂದಾಗ ಬಸ್ಸಿನ ಬೋರ್ಡ್ ಓದಲೂ ಬರುತ್ತಿರಲಿಲ್ಲ. ಆಗ ನನ್ನನ್ನು ಒಳಗೆ ಕರೆದು ಮಲಗಲು ಜಾಗ ಕೊಟ್ಟವರು ಗರಡಿ ಮನೆಯ ವಸ್ತಾದರು. ಕುಸ್ತಿ ಕಲಿಸುವ ಗುರುವಿಗೆ ನಮ್ಮಲ್ಲಿ ವಸ್ತಾದ ಅನ್ನುತ್ತಾರೆ. ಅಕ್ಷರ ಕಲಿಸಿದವರು ನಮ್ಮ ಚರ್ಚಿನ ಸಭೆಯ ಪಾಸ್ಟರು. ಅವರನ್ನು ನಾವು ಅಯ್ಯನವರು ಅಂತ ಕರೆಯುತ್ತೇವೆ. ಹಾಡಿನ ಪುಸ್ತಕದ ಸಾಲುಗಳ ಮೇಲೆ ನನ್ನ ಬೆರಳು ಹಿಡಿದು ಆಡಿಸಿ ಓದು ಕಲಿಸಿದರು. ಮೀಸೆ ಬಂದು ಮದುವೆಯಾದ ಮೇಲೆ ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಅವರಿಂದ.

ಇಬ್ಬರೂ ನನಗೆ ಬೇಕಾದವರು. ಇಬ್ಬರಲ್ಲಿ ಒಬ್ಬರನ್ನು ಆರಿಸುವ ದಿನ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಗರಡಿಯಲ್ಲಿ ಅಖಾಡಕ್ಕೆ ಇಳಿಯುವ ಮೊದಲು ಎಲ್ಲರೂ ಚಿಟಿಕೆ ಮಣ್ಣು ಹಣೆಗೆ ಹಚ್ಚಿ, ಗೋಡೆಯ ಮೇಲಿನ ಹನುಮಪ್ಪನ ಫೋಟೊಕ್ಕೆ ಕೈ ಮುಗಿಯುತ್ತಾರೆ. ನಾನು ಮಣ್ಣು ಹಚ್ಚಿ ತಲೆ ಬಗ್ಗಿಸಿ, ನಮ್ಮ ಕರ್ತನನ್ನು ನೆನೆದು ಇಳಿಯುತ್ತಿದ್ದೆ. ಆದರೆ ಬಾಗಿಲಿಂದ ನೋಡಿದವರಿಗೆ ನನ್ನ ಮನಸ್ಸಿನೊಳಗಿನದು ಹೇಗೆ ಗೊತ್ತಾಗಬೇಕು? ಸಭೆಯ ಹಿರಿಯರೊಬ್ಬರು ಸ್ಕೂಟರಿನಲ್ಲಿ ಆ ದಾರಿ ಹಿಡಿದು ಹೋಗುವಾಗ ನೋಡಿದರು. ವಿಷಯ ಅಯ್ಯನವರ ಕಿವಿಗೆ ಬಿತ್ತು.

ಅವರು ನನ್ನನ್ನು ಕೂರಿಸಿಕೊಂಡು ಸಮಾಧಾನವಾಗಿಯೇ ಮಾತಾಡಿದರು. ಮೈ ಬೆಳೆಸುವುದು ತಪ್ಪಲ್ಲ, ಆದರೆ ಇನ್ನೊಂದು ದೇವರ ಮುಂದೆ ತಲೆ ಬಾಗುವವನು ಪ್ರಭುವಿನ ಮೇಜಿಗೆ ಬರುವುದು ಹೇಗೆ ಅಂತ ಕೇಳಿದರು. ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಪ್ರಭುಭೋಜನ. ರೊಟ್ಟಿ ಮತ್ತು ದ್ರಾಕ್ಷಾರಸ ಕೊಡುತ್ತಾರೆ. "ಆ ಭಾನುವಾರದೊಳಗೆ ಒಂದು ತೀರ್ಮಾನಕ್ಕೆ ಬಾರಪ್ಪ. ಅಲ್ಲೀತನಕ ರೊಟ್ಟಿಗೆ ಕೈ ಚಾಚಬ್ಯಾಡ," ಅಂದರು.

ಮರುದಿನದಿಂದ ನಾನು ಗರಡಿಗೆ ಹೋಗಲಿಲ್ಲ. ಬೆಳಿಗ್ಗೆ ಎಚ್ಚರವಾದರೆ ಕೈಕಾಲು ಸುಮ್ಮನಿರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸಿಟ್ಟು ಬರತೊಡಗಿತು. ಚಿಕ್ಕ ವಯಸ್ಸಿನಲ್ಲಿ ಹೊಡೆದಾಟಕ್ಕೆ ನನ್ನ ಕೈ ಬಲು ಮುಂದು. ಆ ಸಿಟ್ಟು ಕರಗಿದ್ದು ಅಖಾಡದಲ್ಲಿ. ನಮ್ಮ ಗರಡಿಯಲ್ಲಿ ಒಂದು ಪದ್ಧತಿ ಇದೆ. ಗೆದ್ದವನು ಸೋತವನ ಬೆನ್ನಿನ ಮಣ್ಣು ತಾನೇ ಒರೆಸಬೇಕು. ಒರೆಸದೆ ಮೇಲೆ ಹತ್ತಿದರೆ ವಸ್ತಾದರು ಮರುದಿನ ಇಳಿಯಲು ಬಿಡುವುದಿಲ್ಲ. ಕ್ಷಮಿಸಬೇಕು, ತಗ್ಗಬೇಕು ಅಂತ ಚರ್ಚಿನಲ್ಲಿ ಕೇಳಿದ್ದು ನನ್ನ ಮೈಗೆ ಅರ್ಥವಾದದ್ದು ಹೀಗೆ ಬೆನ್ನು ಒರೆಸಿ ಒರೆಸಿ. ಇದನ್ನು ಅಯ್ಯನವರಿಗೆ ಹೇಳಲು ನನಗೆ ಮಾತು ಬರಲಿಲ್ಲ.

ಒಂದು ಮಧ್ಯಾಹ್ನ ವಸ್ತಾದರು ಹರಿಹರಕ್ಕೇ ಬಂದರು. ಲೇತ್ ಮುಂದೆ ನಿಂತು, "ಏನಲೇ, ಸತ್ತೀಯೋ ಬದುಕೀಯೋ ನೋಡ್ಕಂಡು ಹೋಗಾನ ಅಂತ ಬಂದೆ," ಅಂದರು. ನಾನು ಮಷಿನ್ ಆರಿಸಿ ಎಲ್ಲ ಹೇಳಿದೆ.

"ಅಂದ್ರೆ ಫೋಟೊದ್ದೇ ತಕರಾರು?"

"ಹೂಂ ರೀ."

"ಅಷ್ಟೇ ಹೌದಲ್ಲ? ಬಿಡು ಹಂಗಾದ್ರೆ. ಶನಿವಾರ ನಿಮ್ಮ ಅಯ್ನೋರ್ನ ಕರ್ಕಂಬಾ. ಅವರೂ ಒಮ್ಮೆ ನೋಡ್ಲಿ."

ಅಯ್ಯನವರು ಬರಲು ಒಪ್ಪಿದರು. ಆ ಶನಿವಾರದ ಮರುದಿನವೇ ಪ್ರಭುಭೋಜನದ ಭಾನುವಾರ. ಶನಿವಾರ ಬೆಳಿಗ್ಗೆ ಇಬ್ಬರೂ ಗರಡಿಯ ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಕಾಲಿಟ್ಟೆವು. ನಾನು ಅಲ್ಲೇ ನಿಂತುಬಿಟ್ಟೆ.

ಗೋಡೆಯ ಮೇಲೆ ಹನುಮಪ್ಪನ ಪಕ್ಕದಲ್ಲಿ ಯೇಸುಸ್ವಾಮಿಯ ಫೋಟೊ. ಹೊಸ ಕಟ್ಟು. ಸೇವಂತಿಗೆ ಹಾರ. ಗಾಜಿನ ಮೇಲೆ ಹಣೆಯ ಜಾಗಕ್ಕೆ ಸರಿಯಾಗಿ ಕುಂಕುಮ. ಮುಂದೆ ಊದುಬತ್ತಿ ಹೊಗೆಯಾಡುತ್ತಿತ್ತು.

"ಬರ್ರಿ ಅಯ್ನೋರೆ, ಕೂಡ್ರಿ," ಅಂದರು ವಸ್ತಾದರು. ಅವರ ಮುಖ ಅರಳಿತ್ತು. "ನೋಡ್ರಿ, ನಿಮ್ಮ ಸ್ವಾಮಿನೂ ಬಂದಾರೆ. ಇನ್ನು ಇವನು ಯಾವ ಕಡೆ ಮುಖ ಮಾಡಿದ್ರೂ ತ್ರಾಸಿಲ್ಲ."

ನಮ್ಮ ಸಭೆಯಲ್ಲಿ ಫೋಟೊ, ಮೂರ್ತಿ ಯಾವುದೂ ಇಲ್ಲ. ಮನೆಯಲ್ಲೂ ಇಡುವುದಿಲ್ಲ. ವಸ್ತಾದರಿಗೆ ಅದು ಹೇಗೆ ಗೊತ್ತಿರಬೇಕು? ಹರಿಹರದ ಕ್ಯಾಥೊಲಿಕ್ ಚರ್ಚಿನಲ್ಲಿ ಎಲ್ಲ ಜಾತಿಯವರೂ ಮರಿಯ ಮಾತೆಯ ಮೂರ್ತಿಗೆ ಮೇಣದಬತ್ತಿ ಹಚ್ಚುವುದನ್ನು ಅವರು ಕಂಡವರು. ಕ್ರೈಸ್ತರೆಲ್ಲ ಒಂದೇ ಅಂದುಕೊಂಡಿದ್ದರು.

ಅಯ್ಯನವರು ಕಟ್ಟೆಯ ಮೇಲೆ ಕೂತು ನನ್ನನ್ನು ನೋಡಿದರು. ನಾನು ಸುಮ್ಮನಿದ್ದರೆ ರೊಟ್ಟಿ ಇಲ್ಲ. ಮಾತಾಡಿದರೆ ಅಷ್ಟು ಪ್ರೀತಿಯಿಂದ ಮಾಡಿದವರ ಮುಖ ಬಾಡುತ್ತದೆ.

"ವಸ್ತಾದ್ರೆ, ನಮ್ಮಲ್ಲಿ ಫೋಟೊಕ್ಕೆ ಕೈ ಮುಗಿಯಂಗಿಲ್ರಿ. ಯೇಸುಸ್ವಾಮಿದಾದ್ರೂ ಅಷ್ಟೇ."

"ಅವರದಕ್ಕೂ ಇಲ್ಲ?"

"ಇಲ್ರಿ."

"ಮತ್ತೆ ಹೆಂಗೆ ಬೇಡ್ಕಂತೀರಿ?"

"ಕಣ್ಣು ಮುಚ್ಚಿ ಮೊಣಕಾಲೂರ್ತೀವ್ರಿ."

ದಂಡ ಹೊಡೆಯುತ್ತಿದ್ದ ಪೈಲ್ವಾನನೊಬ್ಬ ತಲೆ ಎತ್ತಿ, "ಅಣ್ಣಾ, ಇಲ್ಲಿ ಕಣ್ಣು ಮುಚ್ಚಿ ಮೊಣಕಾಲೂರಿದ್ರೆ ಹಿಂದಿನಿಂದ ಬಂದು ಎತ್ತಿ ಒಗೀತಾರೆ, ನೋಡ್ಕ," ಅಂದ. ಎಲ್ಲರೂ ನಕ್ಕರು. ಅಯ್ಯನವರೂ ನಕ್ಕರು.

ವಸ್ತಾದರು ಮಾತ್ರ ನಗಲಿಲ್ಲ. "ಮೊದ್ಲೇ ಹೇಳಬಾರದೇನ್ಲೇ," ಅಂತ ಎದ್ದು, ಸೇವಂತಿಗೆ ಹಾರ ಬಿಚ್ಚಿ ಹನುಮಪ್ಪನಿಗೆ ಹಾಕಿದರು. ಫೋಟೊ ಇಳಿಸಿ, ಹೆಗಲ ಟವೆಲಿನಿಂದ ಕುಂಕುಮ ಒರೆಸಿದರು. ಮೆಲ್ಲಗೆ, ಸೋತವನ ಬೆನ್ನು ಒರೆಸುವ ಹಾಗೆಯೇ. ಆಮೇಲೆ ಅಯ್ಯನವರ ಕಡೆ ತಿರುಗಿದರು.

"ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಯಳ್ರಿ. ಇದನ್ನ ನಮ್ಮನಿಗೆ ಒಯ್ತೀನಿ. ಬಂದೋರ್ನ ಹೊರಗೆ ಕಳ್ಸಾಕ ಬರಂಗಿಲ್ಲ. ಇವನು ಬಾಗಿಲ ಕಡೆ ಮುಖ ಮಾಡಿ ಮೊಣಕಾಲೂರ್ಲಿ. ಯಾರೂ ಏನೂ ಅನ್ನಂಗಿಲ್ಲ."

ನಾನು ಅಖಾಡದ ಅಂಚಿನಲ್ಲಿ ಮೊಣಕಾಲೂರಿದೆ. ಅಷ್ಟು ವರ್ಷದಲ್ಲಿ ಗರಡಿಯೊಳಗೆ ನಾನು ಪ್ರಾರ್ಥಿಸುವುದು ಎಲ್ಲರಿಗೂ ಕಂಡದ್ದು ಅದೇ ಮೊದಲು. ಯಾರೂ ಬಂದು ಎತ್ತಿ ಒಗೆಯಲಿಲ್ಲ. ಆಮೇಲೆ ಮಣ್ಣು ಹಣೆಗೆ ಹಚ್ಚಿ ಇಳಿದೆ. ತಮಾಷೆ ಮಾಡಿದ್ದ ಪೈಲ್ವಾನನ ಜೊತೆಗೇ ಕುಸ್ತಿ ಬಿತ್ತು. ಬಹಳ ಹೊತ್ತು ಜಗ್ಗಾಡಿ ಅವನನ್ನು ಚಿತ್ ಮಾಡಿದೆ. ಅವನು ಎದ್ದು ಕೂತ. ನಾನು ಹಿಂದೆ ಕೂತು ಅವನ ಬೆನ್ನು ಒರೆಸಿದೆ.

ವಾಪಸು ಬರುವಾಗ ಅಯ್ಯನವರನ್ನು ಬಿಡಲು ಆಟೊ ಸ್ಟ್ಯಾಂಡಿನವರೆಗೂ ಹೋದೆ. ಆಟೊ ಹತ್ತುವ ಮುಂಚೆ, ಬೆನ್ನು ಒರೆಸುವ ಪದ್ಧತಿ ಯಾರು ಶುರು ಮಾಡಿದ್ದು ಅಂತ ಕೇಳಿದರು. ವಸ್ತಾದರಿಗೂ ಅವರ ವಸ್ತಾದರು ಹೇಳಿಕೊಟ್ಟದ್ದು, ಅದರ ಹಿಂದಿನದು ಗೊತ್ತಿಲ್ಲ ಅಂದೆ. ತಲೆ ಆಡಿಸಿ ಹೊರಟುಹೋದರು. ಭಾನುವಾರದ ಮಾತು ಎತ್ತಲಿಲ್ಲ.

ಬೆಳಿಗ್ಗೆ ಹೆಂಡತಿ ಎಂದಿನಂತೆ ಕಿವಿ ಒರೆಸಿದಳು. ಅವತ್ತು ಅವಳ ಕೈ ಅವಸರದಲ್ಲಿತ್ತು. ಚರ್ಚಿನಲ್ಲಿ ಸಾಲಿನ ಕೊನೆಗೆ ಕೂತೆವು. ಅಯ್ಯನವರು ರೊಟ್ಟಿ ಮುರಿದು ಒಬ್ಬೊಬ್ಬರಿಗೇ ಕೊಡುತ್ತ ಬಂದರು. ಅವರ ಹಿಂದೆ ದ್ರಾಕ್ಷಾರಸದ ಪುಟ್ಟ ಲೋಟಗಳ ತಟ್ಟೆ ಹಿಡಿದವರು, ನನ್ನನ್ನು ಗರಡಿಯಲ್ಲಿ ನೋಡಿದ ಅದೇ ಹಿರಿಯರು. ನಾನು ಕೈ ಚಾಚಲಿಲ್ಲ. ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಅಯ್ಯನವರು ನನ್ನ ಮುಂದೆ ನಿಂತರು. ಬಗ್ಗಿ, ನನ್ನ ಬಲಗೈ ತಾವೇ ಹಿಡಿದು ಮೇಲೆತ್ತಿ ಅಂಗೈಯಲ್ಲಿ ರೊಟ್ಟಿ ಇಟ್ಟರು. ಹಾಡಿನ ಸಾಲಿನ ಮೇಲೆ ಬೆರಳು ಹಿಡಿದ ಕೈ ಅದೇ. ಆಮೇಲೆ ನನಗೆ ಮಾತ್ರ ಕೇಳುವಂತೆ, "ಎಡಗಿವಿಯಾಗ ಇನ್ನೂ ಐತೆ ನೋಡಪ್ಪ," ಅಂದರು.

ಹೆಂಡತಿಗೂ ಕೇಳಿಸಿತ್ತು. ಸೆರಗಿನ ತುದಿ ಬೆರಳಿಗೆ ಸುತ್ತಿ ಅಲ್ಲೇ ನನ್ನ ಕಿವಿ ತಿಕ್ಕತೊಡಗಿದಳು. ಅವಳು ಮುಗಿಸುವವರೆಗೂ ಹಿರಿಯರು ತಟ್ಟೆ ಹಿಡಿದು ಕಾದರು.