ಚಿತ್ರವನ್ನು ಬಾಯಲ್ಲಿ ಹೇಳಿಸುತ್ತಿದ್ದ ಅಕ್ಕ

ಹೋದ ವಾರ ಆಫೀಸಿನ ಪ್ರಿಂಟರಿನಿಂದ ಬಿಸಿ ಹಾಳೆಯೊಂದನ್ನು ಎಳೆದುಕೊಂಡಾಗ ಮೂಗಿಗೆ ಬಡಿದ ವಾಸನೆಯಿಂದ ಅಕ್ಕ ನೆನಪಾದರು. ಅವರು ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದೇ ನೋಡುತ್ತಿದ್ದರು.

ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್‌ನಲ್ಲಿ, ಆಸ್ಪತ್ರೆಗಳ ಅಂಕಿಅಂಶ ನೋಡುವ ಕಚೇರಿಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಾಗ ಅವರು ನಮ್ಮ ತಂಡದ ಹಿರಿಯ ಸಂಖ್ಯಾಶಾಸ್ತ್ರಜ್ಞೆ. ಉಡುಪಿ ಕಡೆಯವರು, ನಾನು ದಾವಣಗೆರೆಯವಳು. ಇಡೀ ಮಹಡಿಯಲ್ಲಿ ಕನ್ನಡದವರು ನಾವಿಬ್ಬರೇ. ಮೊದಲ ದಿನವೇ ಅಕ್ಕ ಎಂದುಬಿಟ್ಟೆ. ಅಷ್ಟರಲ್ಲಾಗಲೇ ಅವರ ಕಣ್ಣಿನ ನಡುಭಾಗದ ದೃಷ್ಟಿ ಹೋಗುತ್ತಿತ್ತು, ಅಂಚಿನಲ್ಲಷ್ಟೇ ಕಾಣುತ್ತಿತ್ತು. ಎದುರಿದ್ದವರ ಜೊತೆ ಮಾತಾಡುವಾಗಲೂ ಮುಖವನ್ನು ಸ್ವಲ್ಪ ಆಚೆ ತಿರುಗಿಸಿಕೊಳ್ಳುತ್ತಿದ್ದರು... ಗೊತ್ತಿಲ್ಲದವರು ಅದನ್ನು ಬಿಗುಮಾನ ಎಂದುಕೊಳ್ಳುತ್ತಿದ್ದರು.

ಆ ವರ್ಷ ಒಂದು ಸಣ್ಣ ಕ್ಲಿನಿಕ್ಕನ್ನು ಮುಚ್ಚುವ ಮಾತು ನಡೆದಿತ್ತು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಅಲ್ಲಿ ಚಿಕಿತ್ಸೆ ಕೊಡುತ್ತಿದ್ದರು. ದೊಡ್ಡ ಆಸ್ಪತ್ರೆಗೆ ಹೋಲಿಸಿದರೆ ಅಲ್ಲಿ ವಾಸಿಯಾಗುವವರು ಕಡಿಮೆ ಎಂಬುದು ಕಾರಣ. ಅಂಕಿಅಂಶ ಪರಿಶೀಲಿಸುವ ಕೆಲಸ ನಮಗೆ ಬಂತು. ರೋಗಿಗಳು ಮೊದಲು ಬಂದಾಗ ಹುಣ್ಣು ಎಷ್ಟು ಆಳವಿತ್ತು ಎಂದು ಬಿಡಿಸಿ ನೋಡಿದರೆ ಕಥೆಯೇ ಬೇರೆ. ಕ್ಲಿನಿಕ್ಕಿಗೆ ಬರುವವರಲ್ಲಿ ಹೆಚ್ಚಿನವರದು ಆಳದ ಹುಣ್ಣು, ಎಲ್ಲಿ ತೋರಿಸಿದರೂ ಬೇಗ ವಾಸಿಯಾಗದ್ದು; ಒಟ್ಟು ಲೆಕ್ಕ ಇಳಿದದ್ದು ಅದರಿಂದ. ಅಂಥವರು ಅಲ್ಲಿ ಆಸ್ಪತ್ರೆಗಿಂತ ಚೆನ್ನಾಗಿಯೇ ವಾಸಿಯಾಗುತ್ತಿದ್ದರು.

ಅದನ್ನೆಲ್ಲ ಒಂದೇ ಪುಟದಲ್ಲಿ ತೋರಿಸಬೇಕಿತ್ತು. ನಾನು ಗ್ರಾಫುಗಳನ್ನು ಒಂದೇ ಅಳತೆಯ ಚೌಕಗಳಾಗಿ ಜೋಡಿಸಿ ಒಯ್ದೆ. ಅಕ್ಕ ಹಾಳೆಯನ್ನು ಪಕ್ಕಕ್ಕಿಟ್ಟರು.

"ನೀನೇ ಹೇಳು. ಏನೇನು ಎಲ್ಲೆಲ್ಲಿದೆ?"

"ಮೇಲೆ ಎಡಗಡೆ ಒಟ್ಟು ಲೆಕ್ಕ, ಅಕ್ಕ. ಅದರ ಪಕ್ಕ ಮೇಲ್ಮೈ ಹುಣ್ಣಿಂದು, ಕ್ಲಿನಿಕ್ಕಿಗೆ ಮಾತ್ರ. ಆಮೇಲೆ ಕೆಳಗೆ..."

"ಯಾವುದು ಯಾವುದರ ಒಳಗೆ ಬರುತ್ತೆ ಮಾರಾಯ್ತಿ? ಒಟ್ಟು ಲೆಕ್ಕಾನೂ ಅದರ ತುಂಡನ್ನೂ ಒಂದೇ ಸಾಲಲ್ಲಿ ಕೂರಿಸಿದ್ರೆ ನೋಡೋರಿಗೆ ಹೇಗೆ ಗೊತ್ತಾಗ್ಬೇಕು?"

ಗ್ರಾಫು ಜೋಡಿಸುವ ನಮ್ಮ ಪ್ರೋಗ್ರಾಮಿನಲ್ಲಿ ಎರಡು ಚಿತ್ರಗಳ ಹೆಸರಿನ ನಡುವೆ ನೆಟ್ಟನೆ ಗೆರೆ ಹಾಕಿದರೆ ಅವು ಪಕ್ಕಪಕ್ಕ ಬರುತ್ತವೆ, ಓರೆಗೆರೆ ಹಾಕಿದರೆ ಒಂದರ ಕೆಳಗೊಂದು. ಯಾವುವು ಒಂದು ಗುಂಪು ಎಂಬುದನ್ನು ಬ್ರ್ಯಾಕೆಟ್ ಹಾಕಿ ಹೇಳಬೇಕು. ಹಾಕದಿದ್ದರೆ ಓರೆಗೆರೆಯದೇ ಮೊದಲು ನಡೆದು, ಚಿತ್ರ ನಮಗೆ ಬೇಡದ ಕಡೆ ಹೋಗಿ ಕೂರುತ್ತದೆ. ಅಕ್ಕ ಕಣ್ಣು ಮುಚ್ಚಿಕೊಂಡು ಬ್ರ್ಯಾಕೆಟ್ಟುಗಳನ್ನು ಒಂದೊಂದಾಗಿ ಹೇಳಿದರು, ನಾನು ಟೈಪ್ ಮಾಡಿದೆ. ಎಡಕ್ಕೆ ಒಟ್ಟು ಲೆಕ್ಕ, ಪುಟದ ಪೂರಾ ಎತ್ತರಕ್ಕೆ. ಬಲಕ್ಕೆ ಮೇಲೊಂದು ಚೌಕಟ್ಟು ಮೇಲ್ಮೈ ಹುಣ್ಣಿಗೆ, ಕೆಳಗೊಂದು ಆಳದ್ದಕ್ಕೆ. ಎರಡರೊಳಗೂ ಎಡದಲ್ಲಿ ಕ್ಲಿನಿಕ್ಕು, ಬಲದಲ್ಲಿ ಆಸ್ಪತ್ರೆ. ಚೌಕದ ಗಾತ್ರ ಬೇರೆಯಾದರೂ ಒಳಗಿನ ಶೇಕಡಾ ಮಾಪಕ ಎಲ್ಲಕ್ಕೂ ಒಂದೇ. ಈ ಸಲ ವಿವರಿಸುವಾಗ ನಾನು ಎಲ್ಲೂ ತಡವರಿಸಲಿಲ್ಲ.

ಮೀಟಿಂಗಿನಲ್ಲಿ ಮ್ಯಾನೇಜರೊಬ್ಬರು, ಕ್ಲಿನಿಕ್ ಉಳಿಸಬೇಕು ಎನ್ನುವುದಕ್ಕೆ ಆಧಾರ ಎಲ್ಲಿದೆ ತೋರಿಸಿ ಎಂದರು. ಅಕ್ಕ ಎದ್ದು ಗೋಡೆಯ ಸ್ಕ್ರೀನಿನ ಹತ್ತಿರ ಹೋದರು. ಅವರಿಗೆ ಅಲ್ಲಿ ಬಣ್ಣದ ಮಸುಕಷ್ಟೇ ಕಾಣುತ್ತದೆಂದು ನನಗೆ ಗೊತ್ತಿತ್ತು. ಅವರು ಕೈಯನ್ನು ಸ್ಕ್ರೀನಿನ ಅಂಚಿಗಿಟ್ಟು, ಬಲಕ್ಕೆ ಸರಿಸಿ, ಕೆಳಗಿಳಿಸಿ, ಒಂದು ಕಡೆ ನಿಲ್ಲಿಸಿದರು. ಆಳದ ಹುಣ್ಣು, ಕ್ಲಿನಿಕ್ಕಿನದು. ಬೆರಳು ಸರಿಯಾಗಿ ಅಲ್ಲೇ ಇತ್ತು.

ಕ್ಲಿನಿಕ್ ಮುಚ್ಚಲಿಲ್ಲ. ಮೀಟಿಂಗಿನ ದಿನ ಬಸ್ಸಿನಲ್ಲಿ ಬರುವಾಗ, ಕಾಣದೆಯೂ ಅಲ್ಲೇ ಬೆರಳಿಡಲು ಹೇಗೆ ಸಾಧ್ಯವಾಯಿತು ಎಂದು ಕೇಳಿದೆ. "ಕರೆಂಟ್ ಹೋದ್ರೂ ನಮ್ಮನೆ ಅಡುಗೆಮನೆ ಎಲ್ಲಿದೆ ಅಂತ ಗೊತ್ತಿರಲ್ವಾ?" ಎಂದರು.

ಆಮೇಲೆ ದೃಷ್ಟಿ ಇನ್ನೂ ಕುಂದಿತು. ಕೆಲಸ ಬಿಟ್ಟು ಲೀಡ್ಸ್‌ನಲ್ಲಿದ್ದ ಮಗಳ ಮನೆಗೆ ಹೋದರು. ಹೊಸ ಚಿತ್ರ ಮಾಡಿದಾಗಲೆಲ್ಲ ಫೋನ್ ಮಾಡಿ ವಿವರಿಸುತ್ತಿದ್ದೆ. ಬರಬರುತ್ತಾ ಫೋನು ಕಡಿಮೆಯಾಯಿತು... ಹೋದ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು.

ಮೊನ್ನೆ ಶುಕ್ರವಾರ ಅಕ್ಕನ ಮಗಳು ಬರ್ಮಿಂಗ್‌ಹ್ಯಾಮಿಗೆ ಬಂದಿದ್ದಳು. ಇಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. "ವಾಟ್ ಡಿಡ್ ಅಮ್ಮ ಆಕ್ಚುವಲಿ ಡು?" ಎಂದು ಕೇಳಿದಳು. ನಾನು ಅವಳನ್ನು ಆ ಕ್ಲಿನಿಕ್ಕಿಗೇ ಕರೆದುಕೊಂಡು ಹೋದೆ, ದಾರಿಯುದ್ದಕ್ಕೂ ಇದನ್ನೆಲ್ಲ ಹೇಳಿದೆ. ಒಳಗೆ ಮುದುಕರೊಬ್ಬರು ಒಂದು ಕಾಲಿನ ಬೂಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ತಮ್ಮ ಸರದಿ ಕಾಯುತ್ತಿದ್ದರು. ಗೋಡೆಯ ಮೇಲಾಗಲಿ ಯಾರ ನೆನಪಿನಲ್ಲಾಗಲಿ ಅಕ್ಕನ ಹೆಸರು ಅಲ್ಲಿರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ಯಾರನ್ನು ನೋಡಬೇಕಿತ್ತು ಎಂದು ರಿಸೆಪ್ಷನ್ನಿನಾಕೆ ಕೇಳಿದಳು.

"ಕ್ಯಾನ್ ವಿ ಜಸ್ಟ್ ಸಿಟ್?" ಎಂದಳು ಮಗಳು.

ಕೂತುಕೊಂಡೆವು.