ಕಿಟಕಿಯಾಚೆ ನಿಂತ ಸಂಘದ ಮೇಡಂ

ನಮ್ಮ ಅಡುಗೆಮನೆಯ ಕಿಟಕಿ ಗಾಜಿನ ಮೇಲೆ, ನನ್ನ ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಅವರ ಮೂಗಿನ ಗುರುತು ಇರುತ್ತಿತ್ತು. ಆರಡಿ ಹೆಂಗಸು, ಎಪ್ಪತ್ತರ ಹತ್ತಿರದ ವಯಸ್ಸು, ಕಾಲಿಗೆ ಗಂಡಸರ ರಬ್ಬರ್ ಬೂಟು. ಕೊರೊನಾ ಕಾಲ, ಮನೆಯೊಳಗೆ ಬರುವಂತಿರಲಿಲ್ಲ. ಪ್ರತಿ ಮಂಗಳವಾರ ಹೂವಿನ ಪಾತಿಯಲ್ಲಿ ನಿಂತು, ಗಾಜಿಗೆ ಮೂಗು ಒತ್ತಿ, ಕಿವಿಗೆ ಫೋನ್ ಹಿಡಿದು ಒಳಗಿದ್ದ ನನಗೆ ಪಾಠ ಹೇಳುತ್ತಿದ್ದರು.

ನಾವು ಅವರನ್ನು ಸಂಘದ ಮೇಡಂ ಎನ್ನುತ್ತಿದ್ದೆವು. ಮೈಸೂರಿನ ನನಗೆ ಸಹಕಾರ ಸಂಘವೆಂದರೆ ಹಾಲಿನ ಡೇರಿಯೇ. ಪರದೇಶದ ಈ ಸಿಟಿವೆಸ್ಟ್‌ಗೆ ಬಂದ ಮೇಲೆ ಗೊತ್ತಾಯಿತು, ಇಲ್ಲಿ ಏಳು ಸಣ್ಣ ಶಾಲೆಗಳು ಸೇರಿ ಸಂಘ ಕಟ್ಟಿಕೊಂಡು ನನ್ನ ಮಗಳಂಥ ಮಕ್ಕಳಿಗಾಗಿ ವಿಶೇಷ ಶಿಕ್ಷಕರನ್ನೂ ಒಂದು ವ್ಯಾನನ್ನೂ ಹಂಚಿಕೊಂಡಿವೆ ಎಂದು. ಮಗಳಿಗೆ ಆಗ ಎಂಟು ವರ್ಷ, ಮಾತು ಬಂದಿರಲಿಲ್ಲ. ಚಿತ್ರದ ಕಾರ್ಡ್ ಕೊಟ್ಟು ಬೇಕಾದ್ದನ್ನು ಕೇಳುವುದನ್ನು ಶಾಲೆಯಲ್ಲಿ ಆಗಷ್ಟೇ ಕಲಿತಿದ್ದಳು. ಅಷ್ಟರಲ್ಲಿ ಶಾಲೆ ಮುಚ್ಚಿತು. ಮನೆಯಲ್ಲಿ ಅವಳು ಒಂದು ಕಾರ್ಡನ್ನೂ ಮುಟ್ಟಲಿಲ್ಲ. ಕಲಿತದ್ದು ಹೀಗೇ ಅಳಿಸಿಹೋದರೆ ಇವಳು ಇನ್ನೆಂದೂ ಯಾರನ್ನೂ ಏನನ್ನೂ ಕೇಳಲಾರಳು ಎಂದು ನನ್ನ ಜೀವ ಹಾರಿಹೋಗಿತ್ತು.

ಶಾಲೆಯ ಕಾರ್ಡುಗಳಲ್ಲಿ ಇದ್ದದ್ದು ಬ್ರೆಡ್ಡು, ಆಲೂಗಡ್ಡೆ. ಮೇಡಂ ನಮ್ಮ ಊಟದ ಫೋಟೋಗಳನ್ನು ತರಿಸಿಕೊಂಡು ಅನ್ನ, ಹುಳಿ, ಮೊಸರು, ಬಾಳೆಹಣ್ಣಿನ ಕಾರ್ಡು ಮಾಡಿ ತಂದರು. ಆಮೇಲೆ ಒಂದು ಮಧ್ಯಾಹ್ನ ನಾವು ಊಟ ಮಾಡುವುದನ್ನು ನೋಡಿದರು. ನಾನು ಹುಳಿ ಅನ್ನ ಕಲಸಿ ಮಗಳ ಬಾಯಿಗಿಡುತ್ತಿದ್ದೆ. ಒಂದು ತುತ್ತು ಇಳಿಯುವ ಮೊದಲೇ ಇನ್ನೊಂದು ಸಿದ್ಧ.

"ಅವಳು ಕೇಳೋದಕ್ಕೆ ನೀನು ಪುರುಸೊತ್ತೇ ಕೊಡ್ತಿಲ್ಲ," ಎಂದರು ಫೋನಿನಲ್ಲಿ. "ಸುಮ್ಮನೆ ಕೂತು ಕಾದು ನೋಡು."

ನನಗೆ ಮೈ ಉರಿದುಹೋಯಿತು. ಹೆತ್ತವಳಿಗೆ ಮಗುವಿನ ಹಸಿವು ಗೊತ್ತಿಲ್ಲವೇ? ಸಂಜೆ ಗಂಡನ ಹತ್ತಿರ ಕೂಗಾಡಿದೆ. "ಒಂದ್ಸಲ ಅವ್ರು ಹೇಳ್ದಂಗೆ ಮಾಡೇ," ಅಂದ. "ನಮ್ಗೇನು ಬೇರೆ ದಾರಿ ಇದ್ಯಾ?"

ಮಾಡಿದೆ. ಮೂರು ಮಂಗಳವಾರ ಸೋತೆ. ಮಗಳು ಕಿರುಚಿದಳು, ತಟ್ಟೆ ಎಸೆದಳು. ನಾನು ಅಳುತ್ತಾ ತುತ್ತು ಕೊಟ್ಟುಬಿಟ್ಟೆ. ಪ್ರತಿ ಸಲವೂ ಮೇಡಂ ಗ್ರ್ಯಾಂಡ್ ಎಂದರು; ಇಲ್ಲಿಯವರ ಬಾಯಲ್ಲಿ ಅದಕ್ಕೆ ಪರವಾಗಿಲ್ಲ ಎಂದಷ್ಟೇ ಅರ್ಥ. ಮಳೆ ಬಂದರೂ ಗ್ರ್ಯಾಂಡ್, ತಟ್ಟೆ ಒಡೆದರೂ ಗ್ರ್ಯಾಂಡ್. ಆ ಪದ ಕೇಳಿದರೇ ರೇಗುತ್ತಿತ್ತು.

ನಾಲ್ಕನೆಯ ಮಂಗಳವಾರ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತೆ. ಅನ್ನ ಆರಿತು. ಮಗಳು ನನ್ನನ್ನು ನೋಡಿದಳು, ಕಾರ್ಡುಗಳನ್ನು ಕೆದಕಿದಳು. ಒಂದನ್ನು ತೆಗೆದು, ನನ್ನ ಕೈ ಎಳೆದು, ಅಂಗೈಯಲ್ಲಿಟ್ಟಳು. ಮೊಸರು! ಹುಳಿಯಲ್ಲ, ಮೊಸರು. ಹುಳಿಯೆಂದರೆ ಅವಳಿಗೆ ಪ್ರಾಣ ಎಂದು ವರ್ಷಗಟ್ಟಲೆ ಊರಿಗೆಲ್ಲ ಹೇಳಿಕೊಂಡು ಬಂದ ನಾನೆಂಥ ದಡ್ಡಿ! ಫ್ರಿಜ್ಜಿಗೆ ಓಡಿದೆ. ಹೊರಗೆ ಮೇಡಂ ಕುಣಿಯುತ್ತಿದ್ದರು. ನನ್ನ ಡ್ಯಾಫೊಡಿಲ್ ಗಿಡಗಳೆಲ್ಲ ಆ ಬೂಟಿನಡಿ ಅಪ್ಪಚ್ಚಿ. ಪಕ್ಕದ ಮನೆಯವರು ಇಣುಕಿ ನೋಡಿದರು. ನೋಡಲಿ! ಸಂಜೆಯೊಳಗೆ ಮಗಳು ಹನ್ನೊಂದು ಸಲ ಮೊಸರು ಕೇಳಿದಳು, ಹನ್ನೊಂದು ಸಲವೂ ಕೊಟ್ಟೆ.

ಶಾಲೆ ಪೂರ್ತಿ ತೆರೆಯುವ ಮೊದಲೇ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಚರ್ಚಿನೊಳಗೆ ಹತ್ತೇ ಜನಕ್ಕೆ ಅವಕಾಶ. ಉಳಿದವರು ಶವದ ಕಾರು ಹೋಗುವ ರಸ್ತೆಯ ಬದಿಗೆ ನಿಂತೆವು. ನಾಲ್ಕಾರು ಮನೆಯವರು ಬಂದಾರು ಎಂದುಕೊಂಡಿದ್ದೆ. ಸಾಲು ತಿರುವು ದಾಟಿ ಹೋಗಿತ್ತು. ಎಲ್ಲರೂ ಸಂಘದ ಮಕ್ಕಳು, ಬೆಳೆದು ದೊಡ್ಡವರಾದವರು, ಅವರ ವಯಸ್ಸಾದ ತಂದೆತಾಯಿಗಳು.

ನನ್ನಿಂದ ಎರಡು ಮೀಟರ್ ಆಚೆ ಒಬ್ಬ ಅಜ್ಜಿ, ಜೊತೆಗೆ ನಲವತ್ತು ದಾಟಿದ ಗಡ್ಡದ ಮಗ. ಅಜ್ಜಿಯೇ ಹೇಳಿದರು, ಅವನು ಐದು ವರ್ಷದವನಿದ್ದಾಗ ಏಳು ಶಾಲೆಗಳಲ್ಲಿ ಒಂದೂ ಸೇರಿಸಿಕೊಳ್ಳಲಿಲ್ಲವಂತೆ. ಆಗ ಮೇಡಂ ಸೈಕಲ್ಲಿನಲ್ಲಿ ಏಳಕ್ಕೂ ಹೋಗಿ, ಒಬ್ಬೊಬ್ಬರಿಗೆ ಆಗದಿದ್ದರೆ ಎಲ್ಲರೂ ಸೇರಿ ಒಬ್ಬ ಶಿಕ್ಷಕಿಯನ್ನು ಇಟ್ಟುಕೊಳ್ಳಿ ಎಂದು ಪಟ್ಟು ಹಿಡಿದರಂತೆ. ಸಂಘ ಹುಟ್ಟಿದ್ದು ಹಾಗೆ, ಈ ಒಬ್ಬನಿಗಾಗಿ.

ಕಾರು ನಮ್ಮನ್ನು ದಾಟಿತು. ಮನೆಗೆ ಹೋಗೋಣವೇ ಎಂದು ಅಜ್ಜಿ ಮಗನನ್ನು ಕೇಳಿ, ಎರಡೂ ಕೈಗಳನ್ನು ಕೋಟಿನ ಜೇಬಿಗಿಳಿಸಿ ಕಾದರು, ಮೇಡಂ ನನಗೆ ಕಲಿಸಿದಂತೆಯೇ.

"ಬೇಡ ಅಮ್ಮ," ಎಂದ ಕೊನೆಗೆ. "ಕಾರು ಇನ್ನೂ ಕಾಣಿಸ್ತಿದೆ."

ಮಾಸ್ಕಿನೊಳಗೆ ನಾನು ಅಳುತ್ತಲೇ ನಕ್ಕುಬಿಟ್ಟೆ. ಸಾವಿನ ದಿನ ಅಷ್ಟು ಸಂತೋಷಪಟ್ಟದ್ದಕ್ಕೆ ನಾಚಿಕೆಯೂ ಆಗಲಿಲ್ಲ. ನನ್ನ ಮಗಳೂ ಒಂದು ದಿನ ನನಗೆ ಹೀಗೆ ಬೇಡ ಎನ್ನಬಹುದು.